ಎರಡು ಸಿರಿಂಜ್, ಎರಡು ಪೆನ್ಸಿಲ್ ಕಡ್ಡಿ: ನೀರಿನ ವಿದ್ಯುದ್ವಿಭಜನೆಗೆ ಒಂದು ಉಪಕರಣ

ಎಲ್ಲರಿಗೂ ನಮಸ್ಕಾರ.

ಒಂದು ಲೋಟ ನೀರು, ಒಂದು ಚಿಟಿಕೆ ಉಪ್ಪು, ಒಂಬತ್ತು ವೋಲ್ಟಿನ ಬ್ಯಾಟರಿ, ಎರಡು ತುಂಡು ತಾಮ್ರದ ತಂತಿ. ಇಷ್ಟಿದ್ದರೆ ಗುಳ್ಳೆಗಳು ಏಳುತ್ತವೆ. ನೋಡಿದವರು ನೀರು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿ ಒಡೆಯಿತು ಎಂದುಕೊಳ್ಳುತ್ತಾರೆ. ಆದರೆ ಆ ಲೋಟದಲ್ಲಿ ಆಕ್ಸಿಜನ್ ಹೆಚ್ಚುಕಡಿಮೆ ಇರುವುದೇ ಇಲ್ಲ. ಒಂದು ತಂತಿಯಲ್ಲಿ ಹೈಡ್ರೋಜನ್ ಬರುವುದೇನೋ ನಿಜ. ಇನ್ನೊಂದು ತಂತಿ ಮಾತ್ರ ತಾನೇ ಕರಗುತ್ತಾ, ನೀರಿಗೆ ಹಸಿರು-ನೀಲಿ ಕೆಸರು ಬಿಡುತ್ತಿರುತ್ತದೆ. ಹಾಗಾಗಿ ಇವತ್ತಿನ ಮಾತು ಗುಳ್ಳೆ ಬರಿಸುವುದರ ಬಗ್ಗೆ ಅಲ್ಲ. ಬಂದ ಗುಳ್ಳೆ ಯಾವ ಅನಿಲದ್ದು, ಎಷ್ಟು ಬಂತು ಎಂದು ಅಳೆದು ಹೇಳಬಲ್ಲ ಉಪಕರಣವೊಂದನ್ನು ಕಟ್ಟುವುದರ ಬಗ್ಗೆ.

ಈ ತೊಡಕು ಹೊಸದೇನಲ್ಲ. 1800ರಲ್ಲಿ, ವೋಲ್ಟಾನ ಬ್ಯಾಟರಿಯ ಸುದ್ದಿ ಲಂಡನ್ನಿಗೆ ತಲುಪಿದ ಕೂಡಲೇ ವಿಲಿಯಂ ನಿಕೋಲ್ಸನ್ ಮತ್ತು ಆಂಥೊನಿ ಕಾರ್ಲೈಲ್ ಇದೇ ಪ್ರಯೋಗ ಮಾಡಿದರು. ಮೊದಲು ಹಿತ್ತಾಳೆಯ ತಂತಿ ಬಳಸಿದಾಗ ಒಂದೇ ಕಡೆ ಅನಿಲ ಬಂತು, ಇನ್ನೊಂದು ತಂತಿ ಕಪ್ಪಾಗಿ ಸವೆಯಿತು. ಪ್ಲಾಟಿನಂ ತಂತಿ ಹಾಕಿದ ಮೇಲೆಯೇ ಎರಡೂ ಕಡೆ ಅನಿಲ ಕಂಡಿತು. ಧನ ವಿದ್ಯುದಗ್ರ, ಅಂದರೆ ಆನೋಡ್, ಯಾವ ವಸ್ತುವಿನದು ಎನ್ನುವುದರ ಮೇಲೆ ಇಡೀ ಪ್ರಯೋಗ ನಿಂತಿದೆ ಎಂಬುದು ಅಂದೇ ಗೊತ್ತಾಯಿತು.

ಅದಕ್ಕೇ ಆನೋಡಿನಿಂದಲೇ ಶುರುಮಾಡೋಣ. ಅಲ್ಲಿ ನಡೆಯುವುದು ಉತ್ಕರ್ಷಣ, ಅಂದರೆ ಎಲೆಕ್ಟ್ರಾನ್ ಕಿತ್ತುಕೊಳ್ಳುವ ಕ್ರಿಯೆ. ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವುದಕ್ಕಿಂತ ಸುಲಭವಾಗಿ ಲೋಹದಿಂದ ಕಿತ್ತುಕೊಳ್ಳಲು ಆಗುವುದಾದರೆ ಲೋಹವೇ ಬಲಿಯಾಗುತ್ತದೆ. ತಾಮ್ರ, ಹಿತ್ತಾಳೆ, ಕಬ್ಬಿಣ ಎಲ್ಲವೂ ಹೀಗೆ ಸೋಲುತ್ತವೆ. ಅಲ್ಯುಮಿನಿಯಂ ಮೇಲೆ ಆಕ್ಸೈಡ್ ಪದರ ಕಟ್ಟಿಕೊಂಡು ಪ್ರವಾಹ ಕುಸಿಯುತ್ತದೆ. ಬರೀ ಟೈಟಾನಿಯಂ ಹಾಕಿದರೂ ಅದೇ ಕಥೆ. ಪ್ಲಾಟಿನಂ ಲೇಪಿಸಿದ ಟೈಟಾನಿಯಂ ಜಾಲರಿ ಲೋಹಲೇಪನದ ಕೆಲಸಕ್ಕೆಂದು ಮಾರಾಟಕ್ಕಿರುತ್ತದೆ, ಅದು ಸಿಕ್ಕರೆ ಬೇರೇನೂ ಯೋಚಿಸಬೇಕಿಲ್ಲ.

ಸ್ಟೇನ್‌ಲೆಸ್ ಸ್ಟೀಲ್ ಬಗ್ಗೆ ಮಾತ್ರ ನಿಂತು ಹೇಳಬೇಕು. ಸ್ಟೀಲ್ ಚಮಚ, ಸ್ಟೀಲ್ ಸ್ಕ್ರೂ ಹಾಕಿ ಎಂದು ಹೇಳುವವರು ಬಹಳ ಮಂದಿ. ಸ್ಟೀಲಿನಲ್ಲಿ ಕ್ರೋಮಿಯಂ ಇದೆ. ಲವಣದ ದ್ರಾವಣದಲ್ಲಿ ಅದನ್ನು ಆನೋಡ್ ಮಾಡಿದರೆ ಕಬ್ಬಿಣದ ಜೊತೆಗೆ ಕ್ರೋಮಿಯಂ ಕೂಡ ನೀರಿಗಿಳಿಯುತ್ತದೆ, ಅದರಲ್ಲಿ ಒಂದಷ್ಟು ಆರು ವೇಲೆನ್ಸಿಯ ಕ್ರೋಮಿಯಂ ಆಗಬಹುದು. ಅದು ಕ್ಯಾನ್ಸರ್‌ಕಾರಕ ವಿಷ. ದ್ರಾವಣ ಹಳದಿಗೆ ತಿರುಗಿದರೆ ಅದನ್ನು ಮುಟ್ಟಬೇಡಿ, ಚರಂಡಿಗೂ ಚೆಲ್ಲಬೇಡಿ. ಆದರೆ ಇದೇ ಸ್ಟೀಲನ್ನು ಋಣ ವಿದ್ಯುದಗ್ರವಾಗಿ, ಅಂದರೆ ಕ್ಯಾಥೋಡ್ ಆಗಿ ಬಳಸಲು ಏನೂ ಅಡ್ಡಿಯಿಲ್ಲ. ಅಲ್ಲಿ ಎಲೆಕ್ಟ್ರಾನುಗಳು ಲೋಹಕ್ಕೆ ಹರಿದು ಬರುತ್ತಿರುವುದರಿಂದ ಅದು ಸವೆಯುವುದಿಲ್ಲ. ಆದ್ದರಿಂದ ಎರಡೂ ಅಗ್ರಗಳು ಒಂದೇ ವಸ್ತುವಿನದಾಗಿರಬೇಕು ಎಂಬ ನಿಯಮವೇನೂ ಇಲ್ಲ.

ಪ್ಲಾಟಿನಂ ಇಲ್ಲದವರಿಗೆ ಉಳಿಯುವುದು ಗ್ರಾಫೈಟ್. ಎರಡು ಮಿಲಿಮೀಟರ್ ದಪ್ಪದ ಪೆನ್ಸಿಲ್ ಕಡ್ಡಿ ಸಾಕು. ಮೃದುವಾದ ದರ್ಜೆಯದನ್ನೇ ಆರಿಸಿ: 4ಬಿ, 6ಬಿ ಕಡ್ಡಿಗಳಲ್ಲಿ ಗ್ರಾಫೈಟ್ ಹೆಚ್ಚು, ಜೇಡಿಮಣ್ಣು ಕಡಿಮೆ, ಹಾಗಾಗಿ ರೋಧವೂ ಕಡಿಮೆ. ಕೊಳ್ಳುವ ಮೊದಲು ಮಲ್ಟಿಮೀಟರಿನಲ್ಲಿ ತುದಿಯಿಂದ ತುದಿಗೆ ರೋಧ ಅಳೆದು ನೋಡಿ. ಕೆಲವೇ ಓಮ್ ತೋರಿಸಬೇಕು. ಬಣ್ಣದ ಪೆನ್ಸಿಲಿನ ಕಡ್ಡಿಯಲ್ಲಿ ಗ್ರಾಫೈಟ್ ಇರುವುದಿಲ್ಲ, ಮೀಟರ್ ಮುಳ್ಳು ಅಲ್ಲಾಡುವುದೂ ಇಲ್ಲ. ಹಳೆಯ ಸತು-ಇಂಗಾಲದ ಶುಷ್ಕಕೋಶದೊಳಗಿನ ಇಂಗಾಲದ ಸರಳೂ ಆಗುತ್ತದೆ. ಆದರೆ ಅದನ್ನು ಒಡೆದು ತೆಗೆಯುವಾಗ ಬರುವ ಕಪ್ಪು ಪುಡಿ ಕೈಗೂ ಮೂಗಿಗೂ ಒಳ್ಳೆಯದಲ್ಲ, ಆ ಸರಳು ರಂಧ್ರಮಯವಾಗಿದ್ದು ದ್ರಾವಣವನ್ನು ಬತ್ತಿಯಂತೆ ಮೇಲಕ್ಕೆಳೆಯುತ್ತದೆ. ಪೆನ್ಸಿಲ್ ಕಡ್ಡಿಯೇ ವಾಸಿ.

ಗ್ರಾಫೈಟಿಗೂ ಒಂದು ದೋಷವಿದೆ, ಅದನ್ನು ಮುಚ್ಚಿಡಬಾರದು. ಆನೋಡಿನಲ್ಲಿ ಹುಟ್ಟುವ ಆಕ್ಸಿಜನ್‌ನಲ್ಲಿ ಒಂದು ಪಾಲು ಇಂಗಾಲದ ಜೊತೆಯೇ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ. ಕಡ್ಡಿ ನಿಧಾನವಾಗಿ ಸವೆದು ನೀರಿಗೆ ಕಪ್ಪು ಪುಡಿ ಉದುರುತ್ತದೆ. ಪ್ರವಾಹ ಹೆಚ್ಚಿಸಿದಷ್ಟೂ ಸವೆತ ಹೆಚ್ಚು. ಅದಕ್ಕೇ ಈ ಉಪಕರಣವನ್ನು 100 ಮಿಲಿಆಂಪಿಯರ್ ಸುತ್ತಮುತ್ತಲೇ ಓಡಿಸಬೇಕು.

ಈಗ ನೀರಿಗೆ ಏನು ಬೆರೆಸಬೇಕು? ಶುದ್ಧ ನೀರು ವಿದ್ಯುತ್ತನ್ನು ಹಾಯಿಸುವುದೇ ಇಲ್ಲ ಎನ್ನಬಹುದು: 25 ಡಿಗ್ರಿಯಲ್ಲಿ ಅದರ ರೋಧಶೀಲತೆ 18 ಮೆಗಾಓಮ್-ಸೆಂಟಿಮೀಟರ್‌ಗಿಂತಲೂ ಹೆಚ್ಚು. ಏನಾದರೂ ಬೆರೆಸಲೇಬೇಕು, ಆದರೆ ಬೆರೆಸಿದ್ದು ತಾನು ವಿಭಜನೆಗೊಳ್ಳದೆ ಪ್ರವಾಹವನ್ನಷ್ಟೇ ಹೊರಬೇಕು. ಅಡುಗೆ ಉಪ್ಪು ಬೇಡವೇ ಬೇಡ. ಆನೋಡಿನಲ್ಲಿ ಕ್ಲೋರಿನ್ ಬರುತ್ತದೆ. ಅದು ಶ್ವಾಸಕೋಶಕ್ಕೆ ವಿಷ, ಅಲ್ಲದೆ ಉಳಿದ ದ್ರಾವಣ ಬ್ಲೀಚ್ ಆಗುತ್ತದೆ. ಅಡುಗೆ ಸೋಡಾ ಅಪಾಯಕಾರಿಯಲ್ಲ, ಆದರೆ ಆನೋಡಿನ ಬಳಿ ಹುಟ್ಟುವ ಆಮ್ಲ ಅದನ್ನು ತಾಕಿ ಕಾರ್ಬನ್ ಡೈಆಕ್ಸೈಡ್ ಬಿಡಿಸುತ್ತದೆ, ಆಕ್ಸಿಜನ್ ಅಳತೆ ಕೆಡುತ್ತದೆ. ವಾಷಿಂಗ್ ಸೋಡಾ ಅದಕ್ಕಿಂತ ಪರವಾಗಿಲ್ಲ, ಸ್ವಲ್ಪ ಹೊತ್ತಿನ ಪ್ರಯೋಗಕ್ಕೆ ನಡೆಯುತ್ತದೆ. ಎಪ್ಸಮ್ ಲವಣ, ಅಂದರೆ ಮೆಗ್ನೀಸಿಯಂ ಸಲ್ಫೇಟ್ ಹಾಕಿದರೆ ಕ್ಯಾಥೋಡಿನ ಸುತ್ತ ಮೆಗ್ನೀಸಿಯಂ ಹೈಡ್ರಾಕ್ಸೈಡಿನ ಬಿಳಿ ಮೋಡ ಕಟ್ಟುತ್ತದೆ.

ನಿಜಕ್ಕೂ ಹೊಂದುವುದು ಸೋಡಿಯಂ ಸಲ್ಫೇಟ್. ಸೋಡಿಯಂ ಆಗಲಿ ಸಲ್ಫೇಟ್ ಆಗಲಿ ಇಲ್ಲಿ ಅಗ್ರಗಳಲ್ಲಿ ವಿಭಜನೆಗೊಳ್ಳುವುದಿಲ್ಲ. ಕ್ಯಾಥೋಡಿನ ಬಳಿ ಕ್ಷಾರ, ಆನೋಡಿನ ಬಳಿ ಆಮ್ಲ ಸಮಸಮವಾಗಿ ಹುಟ್ಟುತ್ತವೆ, ಕೊನೆಗೆ ಕಲಕಿದರೆ ಒಂದನ್ನೊಂದು ತಟಸ್ಥಗೊಳಿಸುತ್ತವೆ. ಅರ್ಧ ಲೀಟರ್ ಡಿಸ್ಟಿಲ್ಡ್ ನೀರಿಗೆ ನೀರಿಲ್ಲದ ಬಿಳಿ ಪುಡಿಯಾದರೆ 35 ಗ್ರಾಂ, ಹರಳಾದರೆ 80 ಗ್ರಾಂ. ಈ ವ್ಯತ್ಯಾಸವನ್ನು ಮರೆಯಬೇಡಿ; ಹರಳಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ನಲ್ಲಿ ನೀರು ಬಳಸಿದರೆ ಅದರಲ್ಲಿರುವ ಕ್ಲೋರೈಡಿನಿಂದ ಆನೋಡಿನ ಬಳಿ ವಾಸನೆ, ಕ್ಯಾಲ್ಸಿಯಂನಿಂದ ಕ್ಯಾಥೋಡಿನ ಮೇಲೆ ಬಿಳಿ ಹೊರಪದರ ಬರುತ್ತದೆ.

ಇನ್ನು ಉಪಕರಣದ ಅಂಗಗಳಿಗೆ ಬರೋಣ. ಶಾಲೆಗಳ ಪ್ರಯೋಗಾಲಯದಲ್ಲಿರುವ ಗಾಜಿನ ಮೂರು ಕೊಳವೆಗಳ ಉಪಕರಣ 1866ರಲ್ಲಿ ಹಾಫ್‌ಮನ್ ರೂಪಿಸಿದ್ದು. ಅದರ ಹೆಚ್ಚುಗಾರಿಕೆ ಎರಡು: ಅನಿಲಗಳು ಬೇರೆಬೇರೆಯಾಗಿ ಸೇರುತ್ತವೆ, ಮೇಲಿನ ತಿರುಪು ಕವಾಟದಿಂದ ಅವುಗಳನ್ನು ಹೊರಬಿಡಬಹುದು. ಈ ಎರಡನ್ನೂ ಪ್ಲಾಸ್ಟಿಕ್ ಸಿರಿಂಜಿನಿಂದ ಪಡೆಯಬಹುದು.

10 ಮಿ.ಲೀ. ಸಿರಿಂಜ್ ಎರಡು ತೆಗೆದುಕೊಂಡು ಒಳಗಿನ ದಂಡ ಕಿತ್ತುಬಿಡಿ. ಸಿರಿಂಜನ್ನು ಮೂತಿ ಮೇಲಾಗಿ, ಅಗಲವಾದ ತೆರೆದ ಬಾಯಿ ಕೆಳಗಾಗಿ ನಿಲ್ಲಿಸಿದರೆ ಅದೇ ಅನಿಲ ಸಂಗ್ರಹದ ಕೊಳವೆ. ಅಳತೆ ಗೆರೆಗಳ ಸೊನ್ನೆ ಮೂತಿಯ ಕಡೆಗೇ ಇರುವುದರಿಂದ, ಮೇಲೆ ಸೇರಿದ ಅನಿಲದ ಗಾತ್ರವನ್ನು ನೇರವಾಗಿ ಓದಬಹುದು, ಕಳೆಯುವ ಲೆಕ್ಕವೇ ಇಲ್ಲ. ಮೂತಿಗೆ ಡ್ರಿಪ್ ಹಾಕುವಾಗ ಬಳಸುವ ಪ್ಲಾಸ್ಟಿಕ್ ಸ್ಟಾಪ್‌ಕಾಕ್ ಸಿಕ್ಕಿಸಿ. ಇನ್ನೊಂದು ಸಿರಿಂಜಿನಿಂದ ಅದರ ಮೂಲಕ ದ್ರಾವಣವನ್ನು ಮೇಲಕ್ಕೆ ಎಳೆದು, ದ್ರಾವಣ ಸ್ಟಾಪ್‌ಕಾಕಿನೊಳಗೆ ಕಾಣಿಸಿದ ಮೇಲೆ ತಿರುಪು ಮುಚ್ಚಿದರಾಯಿತು. ತುಂಬಿದ ಪ್ರನಾಳವನ್ನು ಬೆರಳಿನಿಂದ ಮುಚ್ಚಿ ತಲೆಕೆಳಗು ಮಾಡುವ ಸರ್ಕಸ್ ತಪ್ಪುತ್ತದೆ.

ಪಾತ್ರೆಗೆ ಚಪ್ಪಟೆ ತಳದ, ಪಾರದರ್ಶಕವಾದ, ಸುಮಾರು ಒಂದು ಲೀಟರಿನ ಪ್ಲಾಸ್ಟಿಕ್ ಡಬ್ಬಿ. ತಳದಲ್ಲಿ ನಾಲ್ಕು ಸೆಂಟಿಮೀಟರ್ ಅಂತರದಲ್ಲಿ ಎರಡು ತೂತು, ಕಡ್ಡಿ ಬಿಗಿಯಾಗಿ ಹಿಡಿಯುವಷ್ಟೇ. ಕಡ್ಡಿ ಒಳಗೆ ನಾಲ್ಕು ಸೆಂಟಿಮೀಟರ್ ಎದ್ದು ನಿಲ್ಲಬೇಕು, ಕೆಳಗೆ ಎರಡು ಸೆಂಟಿಮೀಟರ್ ಹೊರಗಿರಬೇಕು. ತೂತಿನ ಸುತ್ತ ಪ್ಲಾಸ್ಟಿಕ್ಕನ್ನು ಸ್ಯಾಂಡ್ ಪೇಪರಿನಿಂದ ಒರಟು ಮಾಡಿ, ಎರಡೂ ಬದಿಯಿಂದ ಎಪಾಕ್ಸಿ ಅಂಟು ಹಚ್ಚಿ, ಒಂದು ದಿನ ಬಿಡಿ. ಬಿಸಿ ಅಂಟಿನ ಗನ್ ಇಲ್ಲಿ ನಂಬಿಕೆಗೆ ಅರ್ಹವಲ್ಲ. ನುಣುಪು ಪ್ಲಾಸ್ಟಿಕ್ ಮೇಲೆ ಅದು ಒದ್ದೆಯಾದಾಗ ಸಿಪ್ಪೆಯಂತೆ ಎದ್ದು ಬರುತ್ತದೆ. ಅಂಟು ಗಟ್ಟಿಯಾದ ಮೇಲೆ ಬರೀ ನೀರು ತುಂಬಿ, ಒಣ ಕಾಗದದ ಮೇಲೆ ಒಂದು ಗಂಟೆ ಇಟ್ಟು ಸೋರುತ್ತದೆಯೇ ನೋಡಿ. ಡಬ್ಬಿಯ ಕೆಳಗೆ ಎರಡು ಮರದ ತುಂಡು ಕೊಟ್ಟು ಎತ್ತರಿಸಿದರೆ ಕಡ್ಡಿಯ ಹೊರತುದಿಗೆ ಕ್ಲಿಪ್ ಹಾಕಲು ಜಾಗ ಸಿಗುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ತಳ ಕೊರೆಯುವುದೇಕೆ, ತಂತಿಗೆ ಕಡ್ಡಿ ಕಟ್ಟಿ ಮೇಲಿನಿಂದ ಇಳಿಬಿಟ್ಟರೆ ಆಗದೇ? ಆಗದು. ಮೇಜಿನ ಮೇಲಿರುವ ಈ ಎರಡನೆಯ ಪಾತ್ರೆಯನ್ನು ಹತ್ತಿರದಿಂದ ನೋಡಿ. ಇಲ್ಲಿ ಕಡ್ಡಿಗೆ ತಾಮ್ರದ ತಂತಿ ಸುತ್ತಿ, ಜೋಡಣೆಯ ಮೇಲೆ ಅಂಟು ಬಳಿದು, ದ್ರಾವಣದೊಳಗೆ ಮುಳುಗಿಸಿದೆ. ಅಂಟಿನಲ್ಲಿ ಕೂದಲೆಳೆಯಷ್ಟು ಬಿರುಕು ಇದೆ. ಆನೋಡ್ ಕಡೆಯ ಅಂಟಿನ ಅಂಚಿನಿಂದ ತೆಳು ನೀಲಿ ಎಳೆಯೊಂದು ಇಳಿದು ಬರುತ್ತಿದೆ, ಪಾತ್ರೆಯ ನಡುವೆ, ಕ್ಷಾರದ ಕಡೆಯಿಂದ ಬಂದ ನೀರು ಅದನ್ನು ಸಂಧಿಸುವಲ್ಲಿ, ತಿಳಿಹಸಿರು-ನೀಲಿ ಲೋಳೆಯಂಥದ್ದು ತೇಲುತ್ತಿದೆ. ಅದು ತಾಮ್ರದ ಹೈಡ್ರಾಕ್ಸೈಡ್. ಪ್ರವಾಹ ಗ್ರಾಫೈಟನ್ನು ಬಿಟ್ಟು ತನಗೆ ಸುಲಭವಾದ ತಾಮ್ರವನ್ನು ಹಿಡಿದಿದೆ. ತಂತಿ ಒಳಗೊಳಗೇ ಸವೆದು ಒಂದು ಹೊತ್ತಿನಲ್ಲಿ ತುಂಡಾಗುತ್ತದೆ. ತಳದಿಂದ ಕಡ್ಡಿ ತೂರಿಸಿದರೆ ಈ ಜೋಡಣೆ ಎಂದಿಗೂ ಒದ್ದೆಯಾಗುವುದಿಲ್ಲ.

ಸಿರಿಂಜುಗಳನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟ ಮರದ ಪಟ್ಟಿಗೆ ಬಿಗಿದು, ಅವುಗಳ ಬಾಯಿ ತಳದಿಂದ ಒಂದು ಸೆಂಟಿಮೀಟರ್ ಮೇಲಿರುವಂತೆ, ಕಡ್ಡಿ ಕೊಳವೆಯ ನಟ್ಟನಡುವೆ ಇರುವಂತೆ ಹೊಂದಿಸಿ. ಕಡ್ಡಿಯ ಬುಡದ ಆ ಒಂದು ಸೆಂಟಿಮೀಟರಿಗೆ ಅಂಟಿನ ಹೊದಿಕೆ ಕೊಡಿ ಅಥವಾ ತೆಳು ಪ್ಲಾಸ್ಟಿಕ್ ಕೊಳವೆ ತೊಡಿಸಿ. ಇಲ್ಲದಿದ್ದರೆ ಅಲ್ಲಿ ಹುಟ್ಟಿದ ಗುಳ್ಳೆ ಬಾಯಿಯ ಅಂಚಿನಿಂದ ಹೊರಕ್ಕೆ ಜಾರುತ್ತದೆ, ಅಳತೆ ತಪ್ಪಿದ್ದೇಕೆ ಎಂದು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ವಿದ್ಯುತ್ ಮೂಲದ ವಿಷಯ. ನೀರನ್ನು ಒಡೆಯಲು ಸಿದ್ಧಾಂತದ ಪ್ರಕಾರ 1.23 ವೋಲ್ಟ್ ಸಾಕು. ಆದರೂ ಒಂದೂವರೆ ವೋಲ್ಟಿನ ಒಂದೇ ಕೋಶ ಜೋಡಿಸಿದರೆ ಕಣ್ಣಿಗೆ ಕಾಣುವಂಥದ್ದು ಏನೂ ನಡೆಯುವುದಿಲ್ಲ. ಅಗ್ರಗಳ ಮೇಲ್ಮೈಯಲ್ಲಿ, ಅದರಲ್ಲೂ ಆಕ್ಸಿಜನ್ ಬಿಡಿಸುವ ಕಡೆ, ಹೆಚ್ಚುವರಿ ವೋಲ್ಟೇಜ್ ಬೇಕು. ಅದರ ಮೇಲೆ ದ್ರಾವಣದ ರೋಧ, ಕಡ್ಡಿಯ ರೋಧ. ಇಂಥ ಕಿರಿದಾದ ಕೊಳವೆಯಲ್ಲಿ 100 ಮಿಲಿಆಂಪಿಯರ್ ಹರಿಸಲು ಹಲವು ವೋಲ್ಟ್ ಬೇಕಾಗುತ್ತದೆ. 12 ವೋಲ್ಟಿನ ಡಿಸಿ ಅಡಾಪ್ಟರ್ ಅನುಕೂಲ. ಅದರ ಜೊತೆ ಸರಣಿಯಲ್ಲಿ 47 ಓಮ್, 5 ವಾಟ್ ರೋಧಕ ಹಾಕಿದರೆ, ಕ್ಲಿಪ್‌ಗಳು ಒಂದಕ್ಕೊಂದು ತಾಗಿದರೂ ಸುಮಾರು ಕಾಲು ಆಂಪಿಯರಿಗಿಂತ ಹೆಚ್ಚು ಹರಿಯುವುದಿಲ್ಲ. ಇನ್ನೂ ಚೆನ್ನಾಗಿ ಬೇಕೆಂದರೆ ಎಲ್‌ಎಂ317 ಐಸಿಯನ್ನು ಸ್ಥಿರ ಪ್ರವಾಹದ ಮೂಲವಾಗಿ ಕಟ್ಟಿಕೊಳ್ಳಿ: ಔಟ್‌ಪುಟ್ ಮತ್ತು ಅಡ್ಜಸ್ಟ್ ಕಾಲುಗಳ ನಡುವೆ 12 ಓಮ್ ರೋಧಕ, ಅಡ್ಜಸ್ಟ್ ಕಾಲಿನಿಂದ ಆನೋಡಿಗೆ ಸಂಪರ್ಕ. 1.25 ವೋಲ್ಟನ್ನು 12ರಿಂದ ಭಾಗಿಸಿದರೆ ಸುಮಾರು 104 ಮಿಲಿಆಂಪಿಯರ್. ದ್ರಾವಣ ಬಿಸಿಯಾಗಲಿ, ಗುಳ್ಳೆ ಅಂಟಿಕೊಳ್ಳಲಿ, ಪ್ರವಾಹ ಕದಲುವುದಿಲ್ಲ. ಆಗ ಅನಿಲದ ಲೆಕ್ಕಕ್ಕೆ ಗಡಿಯಾರವೊಂದೇ ಸಾಕು.

ಅಡಾಪ್ಟರಿನ ಮೇಲಿನ ಬರಹವನ್ನು ಓದದೆ ಜೋಡಿಸಬೇಡಿ. ಕೆಲವು ಅಡಾಪ್ಟರುಗಳು ಎಸಿಯನ್ನೇ ಕೊಡುತ್ತವೆ. ಎಸಿ ಕೊಟ್ಟರೆ ಒಂದೊಂದು ಅಗ್ರವೂ ಕ್ಷಣಕ್ಷಣಕ್ಕೆ ಆನೋಡ್, ಕ್ಯಾಥೋಡ್ ಎಂದು ಬದಲಾಗಿ, ಎರಡೂ ಕೊಳವೆಗಳಲ್ಲಿ ಹೈಡ್ರೋಜನ್-ಆಕ್ಸಿಜನ್ ಮಿಶ್ರಣ ತುಂಬಬಹುದು. ಅದು ಸ್ಫೋಟಕ. ಎರಡೂ ಕಡೆ ಸಮಸಮ ಅನಿಲ ಬರುತ್ತಿದ್ದರೆ ತಕ್ಷಣ ನಿಲ್ಲಿಸಿ. ಅರ್ಧದಲ್ಲಿ ತಂತಿ ಅದಲು ಬದಲು ಮಾಡುವುದೂ ಇದೇ ಕಾರಣಕ್ಕೆ ನಿಷಿದ್ಧ. ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಡಯೋಡ್ ಹಾಕಿ ನೇರವಾಗಿ ಕೊಡುವ ಯೋಚನೆಯನ್ನು ಮನಸ್ಸಿಗೂ ತಂದುಕೊಳ್ಳಬೇಡಿ, ಒದ್ದೆ ಕೈಯವರನ್ನು ಅದು ಕೊಲ್ಲುತ್ತದೆ.

ಎಲ್ಲ ಜೋಡಿಸಿ, ಎರಡೂ ಕೊಳವೆ ತುಂಬಿ, ಸ್ವಿಚ್ ಹಾಕಿದಿರಿ. ಮೊದಲ ಓದನ್ನು ನಂಬಬೇಡಿ. ಹೈಡ್ರೋಜನ್ ಎರಡು ಪಾಲಾದರೆ ಆಕ್ಸಿಜನ್ ಒಂದು ಪಾಲು ಬರಬೇಕು, ಆದರೆ ಆಕ್ಸಿಜನ್ ಕಡಿಮೆಯೇ ಕಾಣುತ್ತದೆ. ಆಕ್ಸಿಜನ್ ನೀರಿನಲ್ಲಿ ಹೈಡ್ರೋಜನ್‌ಗಿಂತ ಹೆಚ್ಚು ಕರಗುತ್ತದೆ: ಶುದ್ಧ ಆಕ್ಸಿಜನ್ನಿನ ಸಂಪರ್ಕದಲ್ಲಿ, 25 ಡಿಗ್ರಿಯಲ್ಲಿ, ಒಂದು ಲೀಟರ್ ನೀರು ಸುಮಾರು 30 ಮಿ.ಲೀ. ಆಕ್ಸಿಜನ್ ಕರಗಿಸಿಕೊಳ್ಳುತ್ತದೆ, ಹೈಡ್ರೋಜನ್ ಆದರೆ 19 ಮಿ.ಲೀ. ಮಾತ್ರ. ಲವಣ ಬೆರೆತಾಗ ಎರಡೂ ತುಸು ಕಡಿಮೆ. ಆದ್ದರಿಂದ ಹತ್ತು-ಹದಿನೈದು ನಿಮಿಷ ಸುಮ್ಮನೆ ಓಡಿಸಿ, ಕೊಳವೆಯೊಳಗಿನ ದ್ರಾವಣ ಅನಿಲವನ್ನು ಹಿಡಿಸುವಷ್ಟು ಕರಗಿಸಿಕೊಳ್ಳಲಿ. ಆಮೇಲೆ ಸ್ವಿಚ್ ಆರಿಸಿ, ಅನಿಲವನ್ನು ಹೊರಗೆಳೆದು, ಮತ್ತೆ ಸೊನ್ನೆಗೆ ತಂದು ನಿಜವಾದ ಅಳತೆ ಶುರುಮಾಡಿ. ಓದುವ ಮುನ್ನ ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಗೋಡೆಗೂ ಕಡ್ಡಿಗೂ ಅಂಟಿದ ಗುಳ್ಳೆಗಳು ಮೇಲೇರುತ್ತವೆ.

ಲೆಕ್ಕ ಹೀಗೆ. 100 ಮಿಲಿಆಂಪಿಯರ್ ಹತ್ತು ನಿಮಿಷ ಹರಿದರೆ 60 ಕೂಲಂಬ್. ಇದನ್ನು ಫ್ಯಾರಡೆ ಸ್ಥಿರಾಂಕ, ಅಂದರೆ ಒಂದು ಮೋಲ್ ಎಲೆಕ್ಟ್ರಾನ್ ಹೊರುವ ಕೂಲಂಬ್ ಸಂಖ್ಯೆ, 96,485ರಿಂದ ಭಾಗಿಸಿದರೆ 0.000622 ಮೋಲ್ ಎಲೆಕ್ಟ್ರಾನ್. ಒಂದು ಹೈಡ್ರೋಜನ್ ಅಣುವಿಗೆ ಎರಡು ಎಲೆಕ್ಟ್ರಾನ್, ಒಂದು ಆಕ್ಸಿಜನ್ ಅಣುವಿಗೆ ನಾಲ್ಕು. 25 ಡಿಗ್ರಿಯಲ್ಲಿ, ಸಮುದ್ರ ಮಟ್ಟದ ಒತ್ತಡದಲ್ಲಿ ಒಂದು ಮೋಲ್ ಅನಿಲ 24.5 ಲೀಟರ್. ಹೈಡ್ರೋಜನ್ 7.6 ಮಿ.ಲೀ., ಆಕ್ಸಿಜನ್ 3.8 ಮಿ.ಲೀ. ಬರಬೇಕು. ಕೊಳವೆಯಲ್ಲಿ ನೀರಾವಿಯೂ ಸೇರಿರುವುದರಿಂದ ಶೇಕಡಾ 3ರಷ್ಟು ಹೆಚ್ಚು ಓದುತ್ತದೆ, ಅಂದರೆ 7.8 ಮತ್ತು 3.9. ಎತ್ತರದ ಪ್ರದೇಶದಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಗಾತ್ರ ಇನ್ನೂ ಹೆಚ್ಚುತ್ತದೆ, ಅಲ್ಲಿಯ ಒತ್ತಡ ಹಾಕಿಯೇ ಲೆಕ್ಕ ಮಾಡಿ. ಕೊಳವೆಯೊಳಗಿನ ನೀರಿನ ಮಟ್ಟ ಹೊರಗಿನದಕ್ಕಿಂತ ಐದು ಸೆಂಟಿಮೀಟರ್ ಮೇಲಿದ್ದರೆ ಬರುವ ತಪ್ಪು ಶೇಕಡಾ ಅರ್ಧ ಮಾತ್ರ, ಈ ಗೆರೆಗಳಲ್ಲಿ ಅದು ಕಾಣುವುದೇ ಇಲ್ಲ.

ಹೈಡ್ರೋಜನ್ ಲೆಕ್ಕಕ್ಕೆ ಸರಿಹೊಂದಿ ಆಕ್ಸಿಜನ್ ಮಾತ್ರ ಕಡಿಮೆಯಿದ್ದರೆ ಗ್ರಾಫೈಟ್ ತಿಂದಿದೆ ಎಂದರ್ಥ. ಆ ಅನಿಲವನ್ನು ಸಿರಿಂಜಿನಿಂದೆಳೆದು ತಿಳಿ ಸುಣ್ಣದ ನೀರಿನಲ್ಲಿ ಹಾಯಿಸಿ, ಬೆಳ್ಳಗಾದರೆ ಕಾರ್ಬನ್ ಡೈಆಕ್ಸೈಡ್ ಇದೆ. ಎರಡೂ ಒಂದೇ ಪ್ರಮಾಣದಲ್ಲಿ ಕಡಿಮೆಯಿದ್ದರೆ ಮೀಟರ್ ಅಥವಾ ಸಮಯ ತಪ್ಪಿದೆ. ಬರೀ ಒಂದು ಕೊಳವೆಯ ಮಟ್ಟ ಸ್ವಿಚ್ ಆರಿಸಿದ ಮೇಲೂ ಇಳಿಯುತ್ತಿದ್ದರೆ ಸ್ಟಾಪ್‌ಕಾಕ್ ಸೋರುತ್ತಿದೆ, ಒಳಗೆ ಗಾಳಿ ನುಗ್ಗುತ್ತಿದೆ. ಹಾಗೆ ಸಿಕ್ಕಿದ ಹೈಡ್ರೋಜನ್ನಿಗೆ ಬೆಂಕಿ ತೋರಿಸಬಾರದು.

ಆಮ್ಲದಲ್ಲಿ ಹಳದಿ, ಕ್ಷಾರದಲ್ಲಿ ನೀಲಿಯಾಗುವ ಸೂಚಕ ಬ್ರೊಮೊಥೈಮಾಲ್ ಬ್ಲೂ ನಾಲ್ಕು ಹನಿ ಹಾಕಿ ಒಮ್ಮೆ ಓಡಿಸಿ ನೋಡಲೇಬೇಕು. ಹಸಿರಾಗಿದ್ದ ದ್ರಾವಣ ಕ್ಯಾಥೋಡಿನ ಕೊಳವೆಯಲ್ಲಿ ನೀಲಿ, ಆನೋಡಿನ ಕೊಳವೆಯಲ್ಲಿ ಹಳದಿ. ಸ್ವಿಚ್ ಆರಿಸಿ ಎರಡನ್ನೂ ಕಲಕಿದರೆ ಮತ್ತೆ ಹಸಿರು. ಸೋಡಿಯಂ ಸಲ್ಫೇಟ್ ಖರ್ಚಾಗಿಲ್ಲ, ಹೋದದ್ದು ನೀರೇ ಎಂಬುದಕ್ಕೆ ಇದಕ್ಕಿಂತ ಸುಂದರವಾದ ಸಾಕ್ಷಿ ಬೇರೆ ಇಲ್ಲ.

ಹೈಡ್ರೋಜನ್ ಪರೀಕ್ಷೆಗೆ ಐದು ಮಿ.ಲೀ. ಮೀರಬೇಡಿ. ಅನಿಲವನ್ನು ಸಿರಿಂಜಿಗೆಳೆದು, ಸಣ್ಣ ಕೊಳವೆಯಿಂದ ತಟ್ಟೆಯಲ್ಲಿರುವ ಸಾಬೂನು ನೀರಿಗೆ ಊದಿ, ಸಿರಿಂಜನ್ನೂ ಕೊಳವೆಯನ್ನೂ ದೂರ ಸರಿಸಿದ ಮೇಲಷ್ಟೇ ಉದ್ದನೆಯ ಕಡ್ಡಿಯ ಜ್ವಾಲೆ ತಾಗಿಸಿ. ಕನ್ನಡಕ ಹಾಕಿರಿ. ಸಿರಿಂಜಿನ ಮೂತಿಗೆ ಬೆಂಕಿ ಹಿಡಿಯುವುದು ಎಂದಿಗೂ ಬೇಡ. ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಹೈಡ್ರೋಜನ್ ಇದ್ದರೆ ಅದು ಹೊತ್ತಿಕೊಳ್ಳುತ್ತದೆ, ಕಣ್ಣಿಗೆ ಕಾಣದ ಕಿಡಿಯೂ ಸಾಕು. ಕೂಡಿಡುವ ಆಸೆ ಬೇಡ. ಬಾಟಲಿಯಲ್ಲಾಗಲಿ ಬಲೂನಿನಲ್ಲಾಗಲಿ ತುಂಬಿಡಬಾರದು. ಎರಡೂ ಅನಿಲಗಳನ್ನು ಒಂದೇ ಕಡೆ ಸೇರಿಸುವ, ಮುಚ್ಚಳ ಬಿಗಿದ ಪಾತ್ರೆಗಳನ್ನು ಕಟ್ಟಲೇಬಾರದು.

ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳು. ಇದರ ಅನಿಲದಿಂದ ವಾಹನ ಓಡಿಸಿ ಇಂಧನ ಉಳಿಸಬಹುದೇ? ಇಲ್ಲ. ಒಂದು ಕಿಲೋಗ್ರಾಂ ಹೈಡ್ರೋಜನ್ ಉರಿದಾಗ ಬರುವ ಶಕ್ತಿ ಹೆಚ್ಚೆಂದರೆ 39.4 ಕಿಲೋವಾಟ್-ಗಂಟೆ, ಅದನ್ನು ತಯಾರಿಸಲು ದೊಡ್ಡ ಕಾರ್ಖಾನೆಗಳಲ್ಲೂ ಸಾಮಾನ್ಯವಾಗಿ ಸುಮಾರು 50ರಷ್ಟು ವಿದ್ಯುತ್ ಬೇಕಾಗುತ್ತದೆ. ವಾಹನದ ಎಂಜಿನ್ನಿನಿಂದಲೇ ವಿದ್ಯುತ್ ಪಡೆದು ನೀರು ಒಡೆದರೆ ಪ್ರತಿ ಹಂತದಲ್ಲೂ ನಷ್ಟವೇ.

ಇನ್ನೊಂದು, ಬಳಸಿದ ಮೇಲೆ ಉಪಕರಣವನ್ನು ಹೇಗೆ ಇಡಬೇಕು? ದ್ರಾವಣವನ್ನು ಕಲಕಿ, ಕಪ್ಪು ಪುಡಿಯನ್ನು ಸೋಸಿ, ಬಾಟಲಿಯಲ್ಲಿ ಹೆಸರು ಬರೆದಿಡಿ. ಖರ್ಚಾದಷ್ಟು ಡಿಸ್ಟಿಲ್ಡ್ ನೀರು ಸೇರಿಸಿ ಮತ್ತೆ ಬಳಸಬಹುದು. ಡಬ್ಬಿ, ಸಿರಿಂಜು, ಸ್ಟಾಪ್‌ಕಾಕುಗಳನ್ನು ಬರೀ ನೀರಿನಲ್ಲಿ ಎರಡು ಸಲ ತೊಳೆಯಿರಿ, ಸಾಬೂನು ಬೇಡ, ಅದರ ಕುರುಹು ಉಳಿದರೆ ಮುಂದಿನ ಸಲ ಕೊಳವೆಯ ತುಂಬ ನೊರೆ ಬಂದು ಗೆರೆ ಓದಲಾಗುವುದಿಲ್ಲ. ಸ್ಟಾಪ್‌ಕಾಕುಗಳನ್ನು ತೆರೆದೇ ಒಣಗಲು ಬಿಡಿ. ಮುಚ್ಚಿಟ್ಟರೆ ಒಳಗೆ ಹರಳು ಕಟ್ಟಿ ತಿರುಪು ಹಿಡಿದುಕೊಳ್ಳುತ್ತದೆ.